ಮೈ ತುಂಬಿದ ವರ್ಷ

ಮುನಿಲಕ್ಷ್ಮಮ್ಮನ ಗಂಟಲು ಆಗಾಗ ಊದಿಕೊಳ್ಳುತ್ತಿತ್ತು. ಜ್ವರ ಬಂದರೆ ಎಂಜಲು ನುಂಗುವುದೂ ಕಷ್ಟ. ಮದುವೆಯಾಗಿ ಬಂದಾಗಿನಿಂದ ಗಂಜಿ ಕುಡಿದೇ ಕಾಲ ಕಳೆದವಳು. ಮೂವತ್ತು ದಾಟಿದರೂ ಮೈಯಲ್ಲಿ ಮೂಳೆಯೇ ಕಾಣುತ್ತಿತ್ತು. ದೊಡ್ಡಬಳ್ಳಾಪುರದ ಹತ್ತಿರ ಅವಳ ಗಂಡ ಗೋಪಾಲಪ್ಪನಿಗೆ ದ್ರಾಕ್ಷಿ ತೋಟವಿತ್ತು. ತನ್ನ ಊಟ ಮುಗಿದ ಮೇಲೂ ಅವಳು ಉಣ್ಣುವುದನ್ನು ನೋಡುತ್ತ ಅವನು ಅಲ್ಲೇ ಕೂರುತ್ತಿದ್ದ.

೧೯೭೧ರ ಬೇಸಿಗೆಯಲ್ಲಿ ಅವನೇ ಹಟ ಹಿಡಿದು ಅವಳನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಟಾನ್ಸಿಲ್ ತೆಗೆದರು. ವಾಪಸು ಬರುವಾಗ ಅವಳಿಗೆ ಮಾತಾಡಲು ಆಗುತ್ತಿರಲಿಲ್ಲ. ಬಸ್ಸಿನಲ್ಲಿ ಅವನೇ ಹೇಳಿದ: "ಸ್ವಲ್ಪ ದಿನ ತಡಿ. ಹೊಟ್ಟೆ ತುಂಬಾ ಉಣ್ತೀಯಲ್ಲ, ಆಗ ಹೆಂಗಾಯ್ತೀಯ ನೋಡ್ಬೇಕು ನಾನು."

ಗಾಯ ಮಾಯುವ ಹೊತ್ತಿಗೆ, ತೋಟದ ಬಾವಿಯ ಹೂಳೆತ್ತಲು ಇಳಿದಿದ್ದ ಗೋಪಾಲಪ್ಪನ ಮೇಲೆ ಮಣ್ಣು ಕುಸಿಯಿತು. ಹೊರಗೆ ತೆಗೆಯುವಷ್ಟರಲ್ಲಿ ಉಸಿರು ನಿಂತಿತ್ತು.

ದುಃಖದಲ್ಲಿ ಅವಳು ಇನ್ನಷ್ಟು ಕರಗಿಹೋಗುತ್ತಾಳೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಹಾಗಾಗಲಿಲ್ಲ. ಜ್ವರ ಮತ್ತೆ ಬರಲೇ ಇಲ್ಲ. ಅಳುತ್ತ ಕೂತು ಉಂಡರೂ ಉಂಡದ್ದು ಮೈಗೆ ಹತ್ತಿತು. ಕೆನ್ನೆ ತುಂಬಿತು, ರವಿಕೆ ತೋಳಿಗೆ ಬಿಗಿಯಾಯಿತು. ಕನ್ನಡಿ ನೋಡಿಕೊಳ್ಳಲು ಅವಳಿಗೇ ನಾಚಿಕೆ.

ವರ್ಷದ ತಿಥಿಗೆ ನೆಂಟರು ಬಂದರು. ಗೋಪಾಲಪ್ಪನ ಚಿಕ್ಕಮ್ಮ ಅಶ್ವತ್ಥಮ್ಮ ಹಿತ್ತಿಲಲ್ಲಿ ಕೂತು ಎಲೆ ಮಡಿಸುತ್ತ ಅಂದಳು: "ಗಂಡ ಇದ್ದಾಗ ಕಡ್ಡಿ ಆಗಿದ್ಲು. ಹೋದ್ಮೇಲೆ ನೋಡ್ರೇ, ಹೆಂಗೆ ಮೈ ಬಿಟ್ಟವ್ಳೆ!"

ನೀರಿಗೆ ಬಂದ ಮುನಿಲಕ್ಷ್ಮಮ್ಮ ಅದನ್ನು ಕೇಳಿಸಿಕೊಂಡಳು. ಅಂದಿನಿಂದ ತಟ್ಟೆಯ ಮುಂದೆ ಕೂತು ಹಾಗೇ ಏಳತೊಡಗಿದಳು. ಕೇಳಿದರೆ ಗಂಟಲು ನೋವು ಎನ್ನುತ್ತಿದ್ದಳು.

ಅತ್ತೆ ಅಂಜಿನಮ್ಮ ಕೆಲವು ದಿನ ಸುಮ್ಮನೆ ನೋಡಿದಳು. ಆಮೇಲೊಂದು ಮಧ್ಯಾಹ್ನ ಮುದ್ದೆ, ಸಾರು ಹಾಕಿಕೊಂಡು ಬಂದು ಎದುರಿಗೆ ಕೂತಳು.

"ಬಾಯಿ ತೆಗಿ, ನೋಡಾನ. ಅಲ್ಲೇನೂ ಇಲ್ವಲ್ಲೇ. ಯಾಕೆ ಸುಳ್ಳು ಹೇಳ್ತೀಯಾ?"

"ಚಿಕ್ಕತ್ತೆ ಅಂದಿದ್ದು ನಿಜ ತಾನೆ? ನಿಮ್ ಮಗ ಮಣ್ಣಾಗೋದ್ರು. ನಂಗೆ ಮಾತ್ರ ಹಸಿವಾಯ್ತದೆ, ಅತ್ತೆ. ದಿನಾ ಹಸಿವಾಯ್ತದೆ."

ಅಂಜಿನಮ್ಮ ತಟ್ಟೆಯನ್ನು ಸೊಸೆಯ ಹತ್ತಿರಕ್ಕೆ ಸರಿಸಿದಳು.

"ನಿನ್ನ ನೋಡಿದ್ರೆ ನಂಗೂ ಸಂಕಟ ಆಯ್ತದೆ ಕಣೆ," ಎಂದಳು. "ಅವಳು ಅಂದಂಗಲ್ಲ. ನಿನ್ನ ಹಿಂಗೆ ನೋಡ್ಬೇಕು ಅಂತ ನನ್ ಮಗ ಎಷ್ಟ್ ಆಸೆ ಇಟ್ಕೊಂಡಿದ್ದ. ನೋಡ್ದೇ ಹೋದ್ನಲ್ಲ, ಅದಕ್ಕೆ."

ಮುದ್ದೆ ಮುರಿದು, ಸಾರಿಗದ್ದಿ, ಸೊಸೆಯ ಬಾಯಿಗಿಟ್ಟಳು. ಮುನಿಲಕ್ಷ್ಮಮ್ಮ ಬಿಕ್ಕುತ್ತಲೇ ನುಂಗಿದಳು.

ನೆಂಟರು ಆಡಿಕೊಳ್ಳುವುದನ್ನೇನೂ ಬಿಡಲಿಲ್ಲ. ಅವಳು ಅವರ ಮನೆಗಳಿಗೆ ಹೋಗುವುದನ್ನೇ ನಿಲ್ಲಿಸಿದಳು. ತೋಟವನ್ನು ತಾನೇ ನೋಡಿಕೊಂಡಳು. ಅತ್ತೆ ಸೊಸೆ ಒಟ್ಟಿಗೇ ಉಣ್ಣುತ್ತಿದ್ದರು. ಉಂಡರೂ ಮಗನ ಕೊರಗಿನಲ್ಲಿ ಆ ಮಳೆಗಾಲಕ್ಕೆ ಅಂಜಿನಮ್ಮನ ಮೈ ಇಳಿಯತೊಡಗಿತು. ಅದನ್ನು ಗಮನಿಸಿದವಳು ಸೊಸೆ ಒಬ್ಬಳೇ.