ಕಮಲಾಕ್ಷಿ ಬ್ರೇಕ್ ಪೈಪು ಕತ್ತರಿಸಿದ್ದು

ವಡೋದರಾದ ಗೋತ್ರಿಯಲ್ಲಿರುವ ಕಮಲಾಕ್ಷಿಗೆ ನಲವತ್ತೇಳು ವರ್ಷ. ಊರು ಧಾರವಾಡ, ಕೆಲಸ ವಿಮಾ ಕಚೇರಿಯಲ್ಲಿ. ಭಾನುವಾರ ಬಂತೆಂದರೆ ಮಹೀ ನದಿಯ ಕಡೆ, ಸಿಂಧ್ರೋಟಿನ ಕೊರಕಲುಗಳಲ್ಲಿ ಸೈಕಲ್ ತುಳಿಯುವ ಹುಚ್ಚು. ಸೈಕಲ್ ಹೊಸದೇನಲ್ಲ, ವರ್ಗವಾಗಿ ಹೋದ ಆರಡಿ ಎತ್ತರದ ಸಹೋದ್ಯೋಗಿಯಿಂದ ಕೊಂಡದ್ದು. ಅದರ ಹ್ಯಾಂಡಲ್ ತೀರಾ ಅಗಲವೆಂದು ಗಿಡ್ಡದನ್ನು ಹಾಕಿಸಿದ್ದಳು. ಬ್ರೇಕಿನ ಪೈಪು ಮಾತ್ರ ಹಳೆಯ ಉದ್ದದ್ದೇ ಉಳಿದು, ಹ್ಯಾಂಡಲ್ ಮುಂದೆ ದೊಡ್ಡ ಬಳೆಯಂತೆ ಬಾಗಿ ನಿಂತಿರುತ್ತಿತ್ತು.

ಒಂದು ಭಾನುವಾರ ಇಳಿಜಾರಿನಲ್ಲಿ ಜಾಲಿಯ ಕೊಂಬೆ ಹಿಂದಿನ ಬ್ರೇಕಿನ ಪೈಪಿಗೆ ಸಿಕ್ಕಿಕೊಂಡಿತು. ಹ್ಯಾಂಡಲ್ ಗಕ್ಕನೆ ತಿರುಗಿತು. ಕಮಲಾಕ್ಷಿ ಮಣ್ಣಿಗೆ ಬಿದ್ದಳು. ಪುಣ್ಯಕ್ಕೆ ಮೊಣಕೈ ತರಚಿದ್ದಷ್ಟೇ.

"ಮಾರಿಬಿಡು ಆ ಸೈಕಲ್ನ," ಎಂದ ಗಂಡ ಗಿರಿಧರ, ಗಾಯಕ್ಕೆ ಔಷಧ ಹಚ್ಚುತ್ತಾ.

"ಸೈಕಲ್ದು ಏನ ತಪ್ಪೈತ್ರೀ? ಪೈಪು ಉದ್ದ ಆಗೇತಿ. ಕತ್ತರಿಸಿದ್ರಾತು."

"ಬ್ರೇಕು ಅಂದ್ರ ಜೀವದ ಮಾತು. ಮನ್ಯಾಗ ಕುಂತು ಕತ್ತರಿಸಾಕ ಅದೇನ ಬಟ್ಟಿ ತುಂಡೇನು?"

ಕಮಲಾಕ್ಷಿಗೆ ನೋವಿಗಿಂತ ಕುತೂಹಲವೇ ಹೆಚ್ಚಾಗಿತ್ತು. ಆ ಪೈಪಿನೊಳಗೆ ತಂತಿಯೇ ಇಲ್ಲವಂತೆ, ಬರೀ ಎಣ್ಣೆಯಂತೆ. ಎಣ್ಣೆ ಚಕ್ರವನ್ನು ಹೇಗೆ ಹಿಡಿದು ನಿಲ್ಲಿಸುತ್ತದೆ? ಮೇಲಿನ ಮನೆಯ ಭೀಮಸೇನ ಕಾಕಾನನ್ನು ಕೇಳಿದಳು. ಗದಗಿನ ಕಾಕಾ ರೈಲ್ವೆ ಶೆಡ್ಡಿನಲ್ಲಿ ಬ್ರೇಕ್ ಫಿಟ್ಟರ್ ಆಗಿ ನಿವೃತ್ತರಾದವರು.

"ಕಣ್ಣಾರೆ ನೋಡೂಣಂತ. ಶನಿವಾರ ಪಾರ್ಕಿಂಗಿಗೆ ಬಾ," ಎಂದರು ಅವರು.

ಕಮಲಾಕ್ಷಿ ಅಡುಗೆಮನೆಯ ಕತ್ತರಿ ಹಿಡಿದೇ ಬಂದಳು. ಕಾಕಾ ನಕ್ಕರು. "ಅದನ್ನ ಒಳಗಿಡು. ಕತ್ತರಿ ಪೈಪನ್ನ ಜಜ್ಜತೈತಿ. ಇದಕ್ಕಂತನ ಕಟರ್ ಐತಿ, ಮೂತಿ ನೆಟ್ಟಗ ಬರಬೇಕು."

"ಎಷ್ಟ ಕತ್ತರಿಸ್ಲಿ ಕಾಕಾ?"

"ಮೊದಲ ಹ್ಯಾಂಡಲ್ ಎಡಕ್ಕ ಪೂರ್ತಿ ತಿರುಗಿಸು. ಈಗ ಬಲಕ್ಕ. ಎರಡೂ ಕಡೆ ಪೈಪು ಜಗ್ಗಬಾರದು, ಸ್ವಲ್ಪ ಸಡಿಲ ಉಳೀಬೇಕು. ಹೆಚ್ಚಾದ್ರ ಮತ್ತ ಕತ್ತರಿಸಬಹುದು, ಕಡಿಮಿ ಆದ್ರ ಏನ ಮಾಡ್ತಿ?"

ಕಮಲಾಕ್ಷಿ ಎರಡು ಸಲ ಅಳೆದು ಗುರುತು ಹಾಕಿದಳು. ಹಿಂದಿನ ಚಕ್ರ ಬಿಚ್ಚಿ, ಅದರ ತಟ್ಟೆಯನ್ನು ಹಿಡಿದು ನಿಲ್ಲಿಸುವ ಬ್ರೇಕ್ ಪ್ಯಾಡ್‌ಗಳನ್ನು ಹೊರತೆಗೆದು ಕಾಗದದಲ್ಲಿ ಸುತ್ತಿಟ್ಟರು. ಒಂದು ಹನಿ ಎಣ್ಣೆ ತಾಗಿದರೂ ಪ್ಯಾಡ್ ಜಾರುತ್ತದೆಯಂತೆ. ಪ್ಯಾಡ್ ಇದ್ದ ಜಾಗಕ್ಕೆ ಕಾಕಾ ಪ್ಲಾಸ್ಟಿಕ್ ತುಂಡೊಂದನ್ನು ಸಿಕ್ಕಿಸಿದರು.

"ಇದ್ಯಾಕ?"

"ತಪ್ಪಿ ಹ್ಯಾಂಡಲ್ ಮ್ಯಾಲಿನ ಬ್ರೇಕ್ ಲಿವರ್ ಹಿಡದ್ರ, ಎಣ್ಣಿ ಒತ್ತಿ ಪ್ಯಾಡ್ ದೂಡೂ ಪಿಸ್ಟನ್ ಹೊರಗ ಬರತಾವ. ಅವನ್ನ ತಡಿಯಾಕ."

ಲಿವರ್ ಬುಡಕ್ಕೆ ಬಟ್ಟೆ ಸುತ್ತಿ, ನಟ್ಟು ಸಡಿಲಿಸಿ ಪೈಪು ಎಳೆದಾಗ ನಾಲ್ಕಾರು ಹನಿ ಎಣ್ಣೆ ಇಳಿಯಿತು. ಕಟರ್ ಒತ್ತಿದ್ದು ಕಮಲಾಕ್ಷಿಯೇ. ತುಂಡಾದ ಪೈಪನ್ನು ಬೆಳಕಿಗೆ ಹಿಡಿದು ನೋಡಿದಳು. ಸಾಸಿವೆ ಕಾಳು ತೂರುವಷ್ಟು ತೂತು! ಇಷ್ಟರಲ್ಲೇ ಅಷ್ಟು ಬಲ ಹರಿಯುತ್ತದೆಯೇ?

ಹೊಸ ತುದಿಗೆ ರಬ್ಬರ್ ಟೋಪಿ, ನಟ್ಟು, ಆಮೇಲೆ ಹಿತ್ತಾಳೆಯ ಪುಟ್ಟ ಉಂಗುರ ಏರಿಸಬೇಕಿತ್ತು. ಪೈಪಿನ ಬಾಯಿಗೆ ಸಣ್ಣ ಲೋಹದ ನಳಿಗೆಯನ್ನು ತಟ್ಟಿ ಕೂರಿಸಬೇಕಿತ್ತು.

"ಹಳೇ ಉಂಗುರ ಚಲೋನ ಐತಲ್ಲ?"

"ಒಮ್ಮೆ ಬಿಗಿಸಿದ ಮ್ಯಾಲ ಅದು ಅಮುಕಿ ಹೋಗಿರತೈತಿ. ಮತ್ತ ಹಾಕಿದ್ರ ಸೋರತೈತಿ. ಉಂಗುರ, ನಳಿಗೆ ಎರಡೂ ಹೊಸಾವು ಬೇಕು. ತಂದೀನಿ, ತಗೋ."

ಎಲ್ಲ ಜೋಡಿಸಿ ಲಿವರ್ ಹಿಡಿದಾಗ ಕಮಲಾಕ್ಷಿಯ ಮುಖ ಇಳಿಯಿತು. ಲಿವರ್ ಹತ್ತಿಯ ದಿಂಬಿನಂತೆ ಮೆತ್ತಗಾಗಿ ಹ್ಯಾಂಡಲ್ಲಿಗೇ ತಾಗುತ್ತಿತ್ತು.

ದೂರ ನಿಂತಿದ್ದ ಗಿರಿಧರ ಹತ್ತಿರ ಬಂದ. "ನಾ ಹೇಳಿದ್ನಿಲ್ಲ?"

"ಗಾಳಿ ಹೊಕ್ಕೇತಿ, ಅಷ್ಟ," ಎಂದರು ಕಾಕಾ.

"ರೈಲಿನ ಬ್ರೇಕು ಗಾಳಿ ಮ್ಯಾಲನ ನಡಿತೈತಿ ಅಂತಿದ್ರಿ?"

"ಅಲ್ಲಿ ಗಾಳಿ ಒತ್ತಾಕ ದೊಡ್ಡ ಯಂತ್ರ ಐತಿ ಸಾಹೇಬ್ರ. ಇಲ್ಲಿ ಎರಡ ಬೆರಳು. ತಗೋರಿ, ನೀವ ನೋಡ್ರಿ."

ಕಾಕಾ ಸೂಜಿಯಿಲ್ಲದ ಸಿರಿಂಜಿನ ತುಂಬ ಗಾಳಿ ಎಳೆದು ಗಿರಿಧರನ ಕೈಗಿತ್ತರು. ಸಿರಿಂಜಿನ ಬಾಯಿಗೆ ಬೆರಳೊತ್ತಿ ದೂಡಿದರೆ ಹಿಡಿಕೆ ಅರ್ಧದವರೆಗೆ ಒಳಗಿಳಿಯಿತು. ಆಮೇಲೆ ನೀರು ತುಂಬಿ ಕೊಟ್ಟರು. ಈ ಸಲ ಹಿಡಿಕೆ ಕಲ್ಲಿನಂತೆ ನಿಂತಿತು. ಗಿರಿಧರ ಇನ್ನೊಮ್ಮೆ ಒತ್ತಿದ. ಮತ್ತೊಮ್ಮೆ ಒತ್ತಿದ.

"ಅಂದ್ರ... ಪೈಪಿನ್ಯಾಗ ಗಾಳಿ ಇದ್ರ ನಮ್ಮ ಬಲ ಎಲ್ಲಾ ಗಾಳಿ ಹಿಚುಕಾಕನ ಹೋಗತೈತಿ. ಚಕ್ರಕ್ಕ ಮುಟ್ಟೂದ ಇಲ್ಲ!"

"ಈಗ ತಿಳೀತ್ರಿ ನಿಮಗ," ಎಂದರು ಕಾಕಾ.

"ತಡೀರಿ, ನನ್ನ ಸ್ಕೂಟರಿನ ಬ್ರೇಕ್ ಎಣ್ಣಿ ಐತಿ, ತರ್ತೀನಿ."

"ಬ್ಯಾಡ್ರಿ! ಮೊದಲ ಲಿವರ್ ಮ್ಯಾಲ ಬರದದ್ದ ಓದ್ರಿ."

"ಮಿನರಲ್ ಆಯಿಲ್ ಅಂತೈತಿ."

"ಸ್ಕೂಟರಿಂದು ಬ್ಯಾರೆ ಜಾತಿ. ಅದನ್ನ ಹಾಕಿದ್ರ ಒಳಗಿನ ರಬ್ಬರ್ ಉಬ್ಬಿ ಹಾಳಾಗತಾವ."

ಸರಿಯಾದ ಎಣ್ಣೆ ತರಲು ಗಿರಿಧರನೇ ಸೈಕಲ್ ಅಂಗಡಿಗೆ ಓಡಿದ. ಚಕ್ರ, ಪ್ಯಾಡ್ ಮತ್ತೆ ಹೊರಗೆ ಬಂದವು. ಅವನು ಕೆಳಗೆ ಹಿಂದಿನ ಬ್ರೇಕಿನ ತೂತಿಗೆ ಬೇರೊಂದು ಒಣ ಸಿರಿಂಜು ಸಿಕ್ಕಿಸಿ ಮೆಲ್ಲಗೆ ಎಣ್ಣೆ ದೂಡಿದ. ಮೇಲೆ ಲಿವರಿಗೆ ಸಿಕ್ಕಿಸಿದ ಪುಟ್ಟ ಆಲಿಕೆಯಲ್ಲಿ ಗುಳ್ಳೆಗಳು ಬುಳುಬುಳು ಎದ್ದವು. ಕಮಲಾಕ್ಷಿ ಕಣ್ಣು ಮಿಟುಕಿಸದೆ ನೋಡಿದಳು. ಕೊನೆಗೆ ಗುಳ್ಳೆ ನಿಂತವು. ಎಲ್ಲ ಒರೆಸಿ, ಮುಚ್ಚಿ, ಪ್ಯಾಡು ಚಕ್ರ ಕೂರಿಸಿ ಹಿಡಿದರೆ ಲಿವರ್ ಗಟ್ಟಿ! ಒಂದು ನಿಮಿಷ ಬಿಗಿಯಾಗಿ ಹಿಡಿದು, ನಟ್ಟಿನ ಬಳಿ ಹನಿ ಜಿನುಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡರು. ಆಮೇಲೆ ಕಮಲಾಕ್ಷಿ ಸೈಕಲ್ ತಳ್ಳುತ್ತಾ ಬ್ರೇಕ್ ನೋಡಿದಳು, ಅಂಗಳದಲ್ಲಿ ನಿಧಾನವಾಗಿ ತುಳಿದು ನೋಡಿದಳು.

ಗಿರಿಧರ ಹ್ಯಾಂಡಲ್ ಮುಂದೆ ಬಗ್ಗಿ ನಿಂತಿದ್ದ. "ಕಾಕಾ, ಮುಂದಿನ ಬ್ರೇಕಿನ ಪೈಪೂ ಉದ್ದ ಐತಲ್ಲ. ಅದನ್ನ ನಾ ಕತ್ತರಿಸ್ತೀನಿ."

"ಮೊದಲ ಅಳೀರಿ," ಎಂದಳು ಕಮಲಾಕ್ಷಿ.

ಓದುಗರೇ, ಇಂದೇ ನಿಮ್ಮ ಸೈಕಲ್ಲಿನ ಮುಂದೆ ನಿಂತು ನೋಡಿ. ಪೈಪು ಜೋತುಬಿದ್ದಿದ್ದರೆ ಕೊಂಬೆಗೆ ಸಿಗುವ ತನಕ ಕಾಯಬೇಡಿ. ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಅಳೆಯಿರಿ, ಹೊಸ ಉಂಗುರ ಮತ್ತು ನಳಿಗೆ ತನ್ನಿ, ಲಿವರ್ ಮೇಲೆ ಬರೆದ ಎಣ್ಣೆಯನ್ನೇ ಬಳಸಿ. ಮೊದಲ ಸಲ ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾರೂ ಸಿಗದಿದ್ದರೆ ಅಂಗಡಿಗೆ ಕೊಡಿ, ಅದರಲ್ಲಿ ನಾಚಿಕೆಯಿಲ್ಲ. ಲಿವರ್ ಮೆತ್ತಗಿರುವ ಸೈಕಲ್ಲನ್ನು ಮಾತ್ರ, ಮನೆಯ ಮುಂದಿನ ರಸ್ತೆಯಲ್ಲೂ ತುಳಿಯಬೇಡಿ.