ತಡೆಗಾರನ ಕೈ

ಆಸ್ಪತ್ರೆಯ ಮಂಚಕ್ಕೆ ಅಡ್ಡಲಾಗಿದ್ದ ಊಟದ ಹಲಗೆಯ ಮೇಲೆ ಮೂರು ದಿನದಿಂದ ಊಟದ ಬದಲು ಚಿತ್ರದ ಹಾಳೆಯಿತ್ತು.

ಮಂಚದಲ್ಲಿದ್ದವನನ್ನು ಕಾಮಿಕ್ಸ್ ಕಚೇರಿಯಲ್ಲಿ ಎಲ್ಲರೂ ಮಸಿ ಎನ್ನುತ್ತಿದ್ದರು, ಪಕ್ಕದ ಕುರ್ಚಿಯಲ್ಲಿದ್ದವನನ್ನು ಕಡ್ಡಿ. ಕಡ್ಡಿ ಪೆನ್ಸಿಲಿನಲ್ಲಿ ಬರೆದದ್ದರ ಮೇಲೆ ಮಸಿ ಪೆನ್ನಿನಿಂದ ಕಪ್ಪು ಗೆರೆ ಎಳೆಯುತ್ತಿದ್ದ, ಒಣಗಿದ ಮೇಲೆ ಪೆನ್ಸಿಲಿನ ಗುರುತನ್ನೆಲ್ಲ ಉಜ್ಜಿ ತೆಗೆಯುತ್ತಿದ್ದ. ಇಪ್ಪತ್ತೆರಡು ವರ್ಷ ಹೀಗೇ ನಡೆದಿತ್ತು. ಕಡ್ಡಿ ಒಂದು ದಿನವೂ ರಬ್ಬರು ಮುಟ್ಟಿದವನಲ್ಲ. ತಾನು ಹೆತ್ತ ಗೆರೆಯನ್ನು ತಾನೇ ಅಳಿಸಲು ಅವನಿಗೆ ಕೈ ಬರುತ್ತಿರಲಿಲ್ಲ.

ಅವರಿಬ್ಬರ ಕಾಮಿಕ್ಸಿನ ನಾಯಕ ತಡೆಗಾರ. ಅವನು ಮುಟ್ಟಿದ್ದು ನಿಂತಲ್ಲೇ ನಿಲ್ಲುತ್ತದೆ: ಬೀಳುವ ಗೋಡೆ, ಹಬ್ಬುವ ಬೆಂಕಿ, ಹೋಗುವ ಜೀವ. ಅವನು ಕೈ ಬಿಡುವವರೆಗೆ ಏನೂ ಕೆಡುವುದಿಲ್ಲ, ಏನೂ ಸರಿಹೋಗುವುದೂ ಇಲ್ಲ. ಅವನ ಜೀವದ ಗೆಳೆಯ ಮೊಂಡ, ಚಪ್ಪಟೆ ಮೂಗಿನ ಕುಳ್ಳ, ಮಸಿಯದೇ ಪಡಿಯಚ್ಚು. ಈ ತಿಂಗಳ ಕತೆಯಲ್ಲಿ ಮೊಂಡ ಕುಸಿದ ಸೇತುವೆಯ ಕೆಳಗೆ ನುಜ್ಜುಗುಜ್ಜಾಗಿ ಬಿದ್ದಿದ್ದಾನೆ. ತಡೆಗಾರ ಅವನ ಕೈ ಹಿಡಿದಿದ್ದಾನೆ. ಹಿಡಿದೇ ಇರಬೇಕೋ, ಬಿಡಬೇಕೋ? ಕೊನೆಯ ಚೌಕದಲ್ಲಿ ಕಡ್ಡಿ ಆ ಹಿಡಿತವನ್ನು ಹಾಳೆ ಹರಿಯುವಷ್ಟು ಒತ್ತಿ ಬರೆದಿದ್ದ.

ಮಸಿಯ ಶ್ವಾಸಕೋಶ ಸೋತಿತ್ತು. ನಾಳೆಯೊಳಗೆ ಗಂಟಲಿಗೆ ಕೊಳವೆ ಇಳಿಸಿ ಯಂತ್ರಕ್ಕೆ ಜೋಡಿಸಬೇಕಾದೀತು, ಆಮೇಲೆ ಅದರಿಂದ ಬಿಡಿಸಿಕೊಳ್ಳುವುದು ಆಗದ ಮಾತು ಎಂದು ವೈದ್ಯೆ ಮುಚ್ಚುಮರೆಯಿಲ್ಲದೆ ಹೇಳಿದ್ದರು. ನಿಮ್ಮ ಇಷ್ಟವೇನು ಎಂದು ಅವರು ಕೇಳಿದಾಗಲೆಲ್ಲ ಮಸಿ ಹಾಳೆ ತೋರಿಸಿ, ಇದು ಮುಗಿದ ಮೇಲೆ ಹೇಳುತ್ತೇನೆ ಎನ್ನುತ್ತಿದ್ದ. ಯಂತ್ರ ಬೇಕೋ ಬೇಡವೋ ಎಂದು ರುಜು ಹಾಕಬೇಕಾದ ಅವನ ತಂಗಿ ಕಾಗದ ಹಿಡಿದು ಹೊರಗಿನ ಬೆಂಚಿನಲ್ಲಿ ಕೂತಿದ್ದಳು. "ನನ್ನ ತಲೆ ಓಡ್ತಿಲ್ಲ ಅಣ್ಣ. ಅವನ ಮನಸ್ಸು ನಿಮಗೇ ಗೊತ್ತು," ಎಂದು ಬೆಳಿಗ್ಗೆ ಕಡ್ಡಿಗೆ ಹೇಳಿದ್ದಳು. ಯಂತ್ರವೇ ಆಗಲಿ ಎಂದು ಕಡ್ಡಿ ಆಗಲೇ ನಿಶ್ಚಯಿಸಿದ್ದ. ಅದನ್ನು ಮಸಿಗೆ ಹೇಳಿರಲಿಲ್ಲ. ಕೇಳಿರಲೂ ಇಲ್ಲ.

ಮಸಿ ಮುಖದ ಮೇಲಿನ ಆಮ್ಲಜನಕದ ಮಾಸ್ಕ್ ಸ್ವಲ್ಪ ಎತ್ತಿದ.

"ಈ ತಡೆಗಾರ ಎಷ್ಟು ದಿನ ಹಿಂಗೆ ಕೈ ಹಿಡ್ಕೊಂಡು ಕೂತಿರ್ತಾನೋ? ಊಟಕ್ಕೂ ಏಳಲ್ವಾ?"

"ಏಳಲ್ಲ."

"ಮೊಂಡನ ಎದೆ ಮೇಲಿನ ಕಲ್ಲೂ ಅಲ್ಲೇ ಇರುತ್ತಲ್ಲೋ. ಅವನನ್ನ ಯಾರಾದ್ರೂ ಕೇಳಿದ್ರಾ?"

ಕಡ್ಡಿ ಕಿಟಕಿಯ ಕಡೆ ನೋಡಿದ. ಕೆಳಗೆ ಯಾರೋ ಸ್ಕೂಟರು ಒದೆಯುತ್ತಿದ್ದರು, ಅದು ಹೊತ್ತಿಕೊಳ್ಳುತ್ತಿರಲಿಲ್ಲ. ತಿರುಗಿದಾಗ ಮಸಿ ಪೆನ್ನು ಕೆಳಗಿಟ್ಟು ಹಾಳೆಯನ್ನು ಅವನತ್ತ ಸರಿಸಿದ್ದ. ಗೆರೆ ಅಲ್ಲಲ್ಲಿ ನಡುಗಿತ್ತು. ಕಡ್ಡಿ ಬರೆದ ಬಿಗಿ ಹಿಡಿತ ಪೆನ್ಸಿಲಿನಲ್ಲೇ ಉಳಿದಿತ್ತು. ಅದರ ಮೇಲೆ ಮಸಿ ಬೇರೆಯೇ ಕೈಗಳನ್ನು ಎಳೆದಿದ್ದ. ತಡೆಗಾರನ ಬೆರಳು ಬಿಚ್ಚಿದ್ದವು. ಎರಡು ಕೈಗಳ ನಡುವೆ ಒಂದಿಷ್ಟು ಬಿಳಿ ಜಾಗ.

"ಇದೊಂದು ಸಲ ನೀನೇ ಉಜ್ಜು. ನನ್ನ ಕೈಯಲ್ಲಿ ಬಲ ಇಲ್ಲ."

"ಉಜ್ಜಲ್ಲ."

ಮಸಿ ಕಣ್ಣು ಮುಚ್ಚಿ ಉಸಿರಿಗಾಗಿ ಕಾದ. "ಹಂಗಾದ್ರೆ ಕೊಳವೆ ಹಾಕ್ಲಿ ಬಿಡು. ನಿನಗೋಸ್ಕರ ಇರ್ತೀನಿ. ಆದ್ರೆ ತುಂಬಾ ನೋಯುತ್ತೆ ಕಣೋ."

ಕಡ್ಡಿ ಹಾಳೆಯನ್ನು ತನ್ನತ್ತ ಎಳೆದುಕೊಂಡು ರಬ್ಬರು ಕೈಗೆತ್ತಿಕೊಂಡ. ಮೊದಲು ಸೇತುವೆಯ ಕಲ್ಲುಗಳನ್ನು ಉಜ್ಜಿದ, ಆಮೇಲೆ ಆಕಾಶ, ಆಮೇಲೆ ಮೊಂಡನ ಮೂಗು.

"ಸಾಯೋವಾಗ್ಲೂ ಚಪ್ಪಟೆನೇ ಬರೆದಿದ್ದೀಯ," ಎಂದ ಮಸಿ.

"ಇದ್ದಿದ್ದು ಇದ್ದ ಹಾಗೆ ಬರೆದೆ."

ಮಸಿ ನಗಲು ಹೋಗಿ ಕೆಮ್ಮಿದ. ಉಳಿದದ್ದು ಕೈ. ಕಡ್ಡಿ ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳು ಅಳಿಸಿದ. ಪೆನ್ಸಿಲ್ ಹೋಯಿತು, ಒತ್ತಿ ಬರೆದಿದ್ದ ಹಳ್ಳ ಹಾಳೆಯಲ್ಲಿ ಉಳಿಯಿತು. ಸವರಿದರೆ ತಿಳಿಯುತ್ತಿತ್ತು. ಅಚ್ಚಿನಲ್ಲಿ ಅದು ಯಾರಿಗೂ ಕಾಣುವುದಿಲ್ಲ. ಮುಗಿಯುವ ಹೊತ್ತಿಗೆ ಮಸಿ ನಿದ್ದೆ ಹೋಗಿದ್ದ.

ಕಡ್ಡಿ ಬೆಂಚಿನ ಹತ್ತಿರ ಬಂದ. ತಂಗಿ ತಲೆಯೆತ್ತಿದಳು. ಅವನ ಅಂಗಿಯ ತುಂಬ ರಬ್ಬರಿನ ಪುಡಿಯಿತ್ತು.

"ಯಂತ್ರ ಬೇಡ ಅಂತಮ್ಮ," ಎಂದ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ರುಜು ಹಾಕಲು ಪೆನ್ನಿಗಾಗಿ ಕೈ ಚಾಚಿದಳು. ಕಡ್ಡಿ ಜೇಬು ತಡಕಿದ. ಪೆನ್ಸಿಲ್ ಬಿಟ್ಟು ಬೇರೇನೂ ಇರಲಿಲ್ಲ. ಒಳಗೆ ಹೋಗಿ, ಹಲಗೆಯ ಮೇಲಿದ್ದ ಮಸಿಯ ಪೆನ್ನನ್ನು ಸದ್ದಾಗದಂತೆ ಎತ್ತಿಕೊಂಡು ಬಂದು ಅವಳಿಗೆ ಕೊಟ್ಟ.