ಬಿಟ್ಟ ಸಾಲು

ಗಮನಿಸಲು ಒಂದು ಗುಂಪನ್ನು ಆರಿಸಿಕೊಳ್ಳಿ ಎಂದು ರಾಧಿಕಾ ಮೇಡಂ ಹೇಳಿದಾಗ ವಿದ್ಯಾಗಿರಿಯ ಆ ಸಮಾಜಶಾಸ್ತ್ರ ಎಂ.ಎ. ತರಗತಿಯಲ್ಲಿ ಒಬ್ಬೊಬ್ಬರೂ ಒಂದೊಂದು ಊರಿನ ಹೆಸರು ಹೇಳಿದರು. ಬಾದಾಮಿಯ ಗೈಡುಗಳು ಅಂದಳು ಒಬ್ಬಳು. ಕಲಾದಗಿಯ ಚಿಕ್ಕು ಮಾರುವವರು ಅಂದ ಇನ್ನೊಬ್ಬ. ಇಳಕಲ್ಲಿನ ನೇಕಾರರು ಅಂದವನಿಗೆ ಮೇಡಂ, "ಪ್ರತಿ ವರ್ಷ ಯಾರರೆ ಹೋಗಿ ಅವರ ಮಗ್ಗದ ಮುಂದ ಕೂಡತೀರಿ. ಅವರಿಗೆ ಸೀರಿ ನೇಯಾಕರೆ ಬಿಡ್ರಿ," ಎಂದು ಎಲ್ಲರನ್ನೂ ನಗಿಸಿದರು. ರೂಬಿಯ ಸರದಿ ಬಂದಾಗ ಅವಳು ಎದ್ದು ನಿಂತು, "ಮರೋಳದಾಗ ನಮ್ಮ ಅಮ್ಮ ಹೊಲದಾಗ ಕಸಾ ತಗಿಯಾಕ ಹೋಗೋ ಹೆಣ್ಣಾಳಿನ ಗುಂಪೈತ್ರಿ," ಅಂದಳು.

ಮೇಡಂ ಮುಖ ಅರಳಿತು. "ಭಾಳ ಚೊಲೋ. ಆದ್ರ ಬದುವಿನ ಮ್ಯಾಲ ಕೂತು ನೋಡಬ್ಯಾಡ. ಅವರ ಕೂಡ ನೀನೂ ಸಾಲು ಹಿಡಿ. ಯಾರ ಬಾಜೂಕ ಯಾರು ಕೂಡತಾರ, ಯಾರು ಕೂಡಂಗಿಲ್ಲ, ಅದನ್ನ ನೋಡು. ಬಾಯಿಲೆ ಹೇಳದ್ದು ಅಲ್ಲಿ ಕಾಣತೈತಿ."

ಶನಿವಾರ ಊರಿಗೆ ಬಂದು ಈ ಸುದ್ದಿ ಹೇಳಿದಾಗ ಅಮ್ಮ ಜೈನಬಿ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಕೈ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಸೀದ ವಾಸನೆ ಬಂದ ಮೇಲೆಯೇ ಅದನ್ನು ತಿರುವಿದಳು.

"ಬ್ಯಾರೆ ಗುಂಪು ಸಿಗಲಿಲ್ಲೇನು ನಿನಗ?"

"ಇದ ಚೊಲೋ ಐತಿ ಅಂದ್ರು ಮೇಡಂ."

"ಅವರಿಗೇನ ಗೊತ್ತು," ಅಂದು ಜೈನಬಿ ಇನ್ನೊಂದು ಹಿಟ್ಟಿನ ಉಂಡೆ ತೆಗೆದುಕೊಂಡಳು. ಕೂಲಿ ಮಾಡುವುದನ್ನು ಮಗಳು ಬಂದು ನೋಡುವುದಕ್ಕೆ ಅಮ್ಮನಿಗೆ ಸಂಕೋಚ ಎಂದು ರೂಬಿ ತಿಳಿದಳು. ಹಾಸ್ಟೆಲು ಸೇರಿದಂದಿನಿಂದ ಅವಳಿಗೆ ಊರಿನ ಸುದ್ದಿ ಅಮ್ಮ ಫೋನಿನಲ್ಲಿ ಹೇಳಿದಷ್ಟೇ ಗೊತ್ತು. ಅಮ್ಮ ಹೇಳುತ್ತಿದ್ದುದೂ ಕಡಿಮೆ.

ಮರುದಿನ ಮುಂಜಾನೆ ಆಳುಗಳನ್ನು ಹೊಲಕ್ಕೆ ಒಯ್ಯುವ ಮೂರು ಗಾಲಿಯ ಟಂಟಂ ಬಂತು. ಓಡಿಸುವವನು ಬೀರೇಶ. ಅವನ ಅಪ್ಪ ಶಂಕರಲಿಂಗ ಊರಿನ ಹೆಣ್ಣಾಳುಗಳನ್ನು ಕೂಡಿಸಿ ಹೊಲಗಳಿಗೆ ಕಳಿಸುವವನು. ಯಾರಿಗೆ ನಾಳೆ ಕೆಲಸ, ಯಾರಿಗಿಲ್ಲ ಎಂಬುದು ಅವನ ಬಾಯಲ್ಲಿತ್ತು. ಕೆನಾಲಿನ ಏರಿಯ ಮೇಲೆ ಕುಲುಕುತ್ತ ಹೋದ ಗಾಡಿ ಮೆಣಸಿನಗಿಡದ ಹೊಲದ ಬದುವಿಗೆ ನಿಂತಿತು. ಹೆಂಗಸರು ಇಳಿದು, ಸೀರೆಯ ಮೇಲೆ ಹಳೆಯ ಅಂಗಿ ತೊಟ್ಟು, ಕಸ ಕೀಳುವ ಕುರ್ಪಿ ಹಿಡಿದು ಒಬ್ಬೊಬ್ಬರು ಒಂದೊಂದು ಸಾಲಿಗೆ ಕುಕ್ಕರಗಾಲಲ್ಲಿ ಕೂತರು.

"ಎಂಎ ಓದಿ ಕಸಾ ತಗಿಯೋದು ಕಲಿಯಾಕ ಬಂದಾಳ ನೋಡ್ರಿ ಜೈನಬಿ ಮಗಳು," ಅಂದಳು ಒಬ್ಬಳು.

"ನಾವು ಓದದನ ಕಲ್ತೇವಿ. ಫೀಸರೆ ಉಳೀತು."

ರೂಬಿಯೂ ನಕ್ಕಳು. ಸ್ವಲ್ಪ ಹೊತ್ತು ಬದುವಿನ ಮೇಲೆ ಕೂತು ನೋಡಿದಳು. ಹೆಂಗಸರು ಒಂದೇ ಸಮ ಮುಂದೆ ಸರಿಯುತ್ತಿದ್ದರು. ಯಾರಾದರೂ ಹಿಂದೆ ಬಿದ್ದರೆ ಪಕ್ಕದ ಸಾಲಿನವಳು ಮಾತಾಡುತ್ತಲೇ ಆ ಕಡೆ ಬಾಗಿ ನಾಲ್ಕು ಗಿಡದ ಬುಡ ಹಸನು ಮಾಡಿ ಅವಳನ್ನು ಜೊತೆಗೆ ತಂದುಕೊಳ್ಳುತ್ತಿದ್ದಳು. ಅದಕ್ಕೆ ಕೈ ಹಚ್ಚುವುದು ಅನ್ನುತ್ತಿದ್ದರು. ಯಾರೂ ಕೇಳಬೇಕಿರಲಿಲ್ಲ, ಯಾರೂ ನೆನಪಿಡುತ್ತಿರಲಿಲ್ಲ.

ಹೊಲದ ಆ ತುದಿಗೆ, ಜಾಲಿಯ ಬೇಲಿಗೆ ಹತ್ತಿಕೊಂಡು, ಗುಂಪಿನ ಹಿರಿಯ ಹೆಂಗಸು ದುರಗವ್ವ ಕೂತಿದ್ದಳು. ಅವಳಿಗೂ ಉಳಿದವರಿಗೂ ನಡುವೆ ಒಂದು ಸಾಲು ಹಾಗೆಯೇ ಬಿಟ್ಟಿತ್ತು. ಕಸ ಬೆಳೆದು ನಿಂತ ಆ ಸಾಲನ್ನು ಎಲ್ಲರೂ ಬಲ್ಲವರಂತೆ ತಪ್ಪಿಸಿ ಕೂತಿದ್ದರು. ದುರಗವ್ವ ಹಿಂದೆ ಬಿದ್ದಳು. ಯಾರೂ ಕೈ ಹಚ್ಚಲಿಲ್ಲ. ಹೊಲದ ಕೊನೆ ಮುಟ್ಟಿದ ಮೇಲೆ ಒಬ್ಬಳು ಮರಳಿ ಬಂದು, ದುರಗವ್ವ ದೂರ ಹೋಗುವವರೆಗೆ ಕಾದು, ಆ ಬಿಟ್ಟ ಸಾಲನ್ನು ಮುಗಿಸಿದಳು. ಎರಡನೆಯ ಸುತ್ತಿಗೂ ಹಾಗೆಯೇ ಆಯಿತು.

ಮೇಡಂ ಹೇಳಿದ್ದು ಇದೇ ಎಂದು ರೂಬಿಯ ಎದೆ ಹಿಗ್ಗಿತು. ಮೂರನೆಯ ಸುತ್ತು ಶುರುವಾದಾಗ ಅವಳು ಬದುವಿನಿಂದ ಇಳಿದು, ಅಮ್ಮನ ಹೆಚ್ಚಿನ ಕುರ್ಪಿಯೊಂದನ್ನು ತೆಗೆದುಕೊಂಡು, ನೆಟ್ಟಗೆ ಹೋಗಿ ಆ ಬಿಟ್ಟ ಸಾಲಿನಲ್ಲಿ ಕೂತಳು.

ಹೊಲದ ಮಾತೆಲ್ಲ ಒಮ್ಮೆಗೇ ನಿಂತಿತು.

"ರೂಬಿ, ಇಲ್ಲಿ ಬಾ," ಎಂದು ಜೈನಬಿ ಕೂಗಿದಳು.

"ಇಲ್ಲೇ ಇರ್ತೇನಮ್ಮಾ."

ದುರಗವ್ವ ತಲೆ ಎತ್ತದೆ, "ಏಳು ತಂಗಿ. ನಿಮ್ಮವ್ವನ ಬಾಜೂಕ ಹೋಗು," ಅಂದಳು.

"ಯಾಕ ದೊಡ್ಡವ್ವ? ಇದು ಖಾಲಿ ಐತಲ್ಲ."

"ಖಾಲಿ ಐತಿ ಅಂತನ ಹೇಳಾಕತ್ತೇನಿ." ಆಮೇಲೆ ರೂಬಿಯ ಕೈ ನೋಡಿ, "ಹಂಗ ಹಿಡಿದ್ರ ಬೊಬ್ಬಿ ಏಳತಾವು," ಎಂದು ಕುರ್ಪಿ ಹಿಡಿಯುವುದನ್ನು ತೋರಿಸಿಕೊಟ್ಟಳು. ಮತ್ತೆ ತನ್ನ ಸಾಲಿಗೆ ಬಾಗಿದಳು. ಟಂಟಂನ ನೆರಳಲ್ಲಿ ಮಲಗಿದ್ದ ಬೀರೇಶ ಎದ್ದು ಕೂತಿದ್ದ.

ಸಂಜೆ ಮನೆಗೆ ಬಂದ ಜೈನಬಿ ಕೈಕಾಲು ಸಹ ತೊಳೆಯದೆ ಹೊಸ್ತಿಲ ಒಳಗೆ ಕೂತಳು. ಹೋದ ಸುಗ್ಗಿಯಲ್ಲಿ ಶಂಕರಲಿಂಗನ ಟಂಟಂ ಕೆನಾಲಿಗೆ ಉರುಳಿ ಭಾಗ್ಯಜ್ಯೋತಿ ಎಂಬ ಹುಡುಗಿ ಸತ್ತದ್ದು ರೂಬಿಗೆ ಗೊತ್ತಿತ್ತು. ಬ್ರೇಕು ಹತ್ತಲಿಲ್ಲ, ಓಡಿಸುತ್ತಿದ್ದವನು ಅವನ ಆಳುಮನುಷ್ಯ ಹಣಮಪ್ಪ ಎಂದು ಊರು ಹೇಳಿತ್ತು.

"ಹಣಮಪ್ಪ ಆವತ್ತ ಗಾಡ್ಯಾಗ ಇದ್ದಿಲ್ಲ," ಅಂದಳು ಜೈನಬಿ. "ಬೀರೇಶ ಹೊಡ್ಯಾಕತ್ತಿದ್ದ. ಮೊಬೈಲ್ ನೋಡ್ಕೋತ. ಪೊಲೀಸರು ಕೇಳಿದಾಗ ಎಲ್ಲಾರೂ ಹಣಮಪ್ಪ ಅಂದ್ರು. ದುರಗವ್ವ ಒಬ್ಬಾಕಿ ಖರೆ ಹೇಳಿದಳು. ಆಕಿನ್ನ ಕೆಲಸದಿಂದ ಬಿಡಸಿದ್ರ ಅದನ್ನೂ ಕೋರ್ಟಿನ್ಯಾಗ ಹೇಳ್ಯಾಳು ಅಂತ ಕರಕೊಂಡು ಹೋಗ್ತಾರ. ಆಕಿ ಬಾಜೂಕ ಕೂಡಬ್ಯಾಡ್ರಿ ಅಂತ ಯಾರೂ ಹೇಳಿಲ್ಲ. ಒಬ್ಬಾಕಿ ಬಿಟ್ಟಳು, ಎಲ್ಲಾರೂ ಬಿಟ್ಟರು."

"ನೀ ಏನ ಹೇಳಿದಿ ಅಮ್ಮಾ, ಪೊಲೀಸರಿಗೆ?"

ಜೈನಬಿ ಕಾಲಿನ ಮಣ್ಣನ್ನು ಉಗುರಿನಿಂದ ಕೆರೆದಳು. "ನಾ ಮುಂದಿನ ಸೀಟಿನ್ಯಾಗ ಇದ್ದೆ, ಅವನ ಬಾಜೂಕ. ನಿದ್ದಿ ಹತ್ತಿತ್ತು ಅಂದೆ." ಮಣ್ಣು ಕೆರೆಯುತ್ತಲೇ, "ಮುಂದಿನ ವಾರ ಹುನಗುಂದ ಕೋರ್ಟಿನ್ಯಾಗ ಸಾಕ್ಷಿ ಐತಿ. ಇವತ್ತ ನೀ ಹೋಗಿ ಆಕಿ ಬಾಜೂಕ ಕೂತಿ. ನಾ ಕಳಿಸೇನಿ ಅಂತ ತಿಳಿದಾರ. ನಾನೂ ಹೇಳಾಕ ತಯಾರಾಗೇನಿ ಅಂತ ತಿಳಿದಾರ," ಅಂದಳು.

ತಾನು ಮಾಡಿದ್ದನ್ನು ತಾನೇ ಸರಿಮಾಡುತ್ತೇನೆಂದು ರೂಬಿ ಅಮ್ಮ ಬೇಡವೆಂದರೂ ಕೇಳದೆ ಶಂಕರಲಿಂಗನ ಮನೆಗೆ ಹೋದಳು. ಅವನು ಪಡಸಾಲೆಯಲ್ಲಿ ಕೂತು ಎಮ್ಮೆಯ ಹಗ್ಗ ಹೊಸೆಯುತ್ತಿದ್ದ.

"ಬಾ ಮಗಳ. ಚಾ ಕುಡಿ."

ಇದು ಕಾಲೇಜಿನ ಕೆಲಸ, ಅಮ್ಮನಿಗೆ ಏನೂ ಸಂಬಂಧವಿಲ್ಲ ಎಂದು ರೂಬಿ ಹೇಳಿದಳು. ಅವನು ಸಾವಕಾಶವಾಗಿ ಕೇಳಿಸಿಕೊಂಡ. ಅವಳ ಓದು ವಿಚಾರಿಸಿದ. ವಿದ್ಯಾಗಿರಿಯಲ್ಲಿ ಯಾವ ಹಾಸ್ಟೆಲು ಅಂದ, ಹೇಳಿದಳು. ನಾಳೆ ಯಾವ ಬಸ್ಸಿಗೆ ಹೋಗ್ತಿ ಅಂದ, ಅದನ್ನೂ ಹೇಳಿದಳು. ಹೇಳಿ ಮುಗಿಸಿದ ಮೇಲೆ ಯಾಕೆ ಹೇಳಿದೆ ಅನಿಸಿತು.

"ದುರಗವ್ವ ಏನಂದಳು?"

"ಕುರ್ಪಿ ಹೆಂಗ ಹಿಡಿಬೇಕು ಅಂತ ತೋರಿಸಿದಳು ಕಾಕಾ."

"ಅಷ್ಟ?"

"ಅಷ್ಟ."

ಅವನು ಹಗ್ಗದ ಗಂಟನ್ನು ಹಲ್ಲಿನಿಂದ ಬಿಗಿದ. "ನಿಮ್ಮವ್ವ ಭಾಳ ಶಾಣ್ಯಾ ಹೆಣಮಗಳು. ಆಕಿಗೆ ಚೊಲೋ ನಿದ್ದಿ ಬರತೈತಿ. ಹಂಗ ಬರಲಿ. ನೀ ಬ್ಯಾರೆ ಗುಂಪು ನೋಡ್ಕೊ ಮಗಳ. ಜಿಲ್ಲಾದಾಗ ಗುಂಪಿಗೇನ ಕಡಿಮಿ ಅದಾವ?"

ಸೋಮವಾರ ಮುಂಜಾನೆ ರೂಬಿ ಚೀಲ ಹಿಡಿದು ಅಮ್ಮನ ಜೊತೆ ನೀರಿನ ಟ್ಯಾಂಕಿನ ಹತ್ತಿರ ನಿಂತಿದ್ದಳು. ಟಂಟಂ ಬಂತು. ಹಿಂದಿನ ಒಂದು ಬೆಂಚಿನಲ್ಲಿ ಹೆಂಗಸರೆಲ್ಲ ಒಬ್ಬರ ತೊಡೆಯ ಮೇಲೊಬ್ಬರು ಎಂಬಂತೆ ಒತ್ತಿ ಕೂತಿದ್ದರು. ಎದುರಿನ ಬೆಂಚಿನಲ್ಲಿ ದುರಗವ್ವ ಒಬ್ಬಳೇ. ಬೀರೇಶ ತನ್ನ ಪಕ್ಕದ ಸೀಟನ್ನು ಟವೆಲಿನಿಂದ ಒರೆಸಿದ.

"ಮುಂದ ಬರ್ರಿ ಜೈನಬಿ ಚಿಗವ್ವಾ. ನಿಮ್ಮ ಜಾಗಾ ಇದ ಅಲ್ಲೇನ್ರಿ? ರೂಬಿ, ನೀನೂ ಹತ್ತು. ನಿನ್ನ ಬಸ್ಸಿನ ಹೊತ್ತು ಅಪ್ಪ ಹೇಳ್ಯಾನ. ಕ್ರಾಸಿನ ತನಕ ಬಿಡ್ತೇನಿ."

ಒತ್ತಿ ಕೂತ ಹೆಂಗಸರು ಯಾರೂ ಇತ್ತ ನೋಡಲಿಲ್ಲ. ನಿನ್ನೆ ಹೊಲದಲ್ಲಿ ನಗಿಸಿದವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಜೈನಬಿ ಆ ಒರೆಸಿದ ಸೀಟನ್ನು ನೋಡುತ್ತ ನಿಂತಳು. ಎಷ್ಟು ಹೊತ್ತು ನಿಂತಳೆಂದರೆ ಬೀರೇಶ ಗಾಡಿ ಬಂದ್ ಮಾಡಿದ.

"ನಾವು ನಡಕೋತ ಹೋಗ್ತೇವಿ," ಅಂದಳು.

"ಕ್ರಾಸಿಗೆ ಕೆನಾಲ ದಾರಿ ಭಾಳ ದೂರ ಐತ್ರಿ. ಒಬ್ಬೊಬ್ಬರ ಹೋಗೂ ದಾರಿ ಅಲ್ಲ ಅದು."

"ಆವತ್ತ ನನಗ ನಿದ್ದಿ ಹತ್ತಿರಲಿಲ್ಲ ಬೀರೇಶ."

ಜೋರಾಗಿ ಏನೂ ಹೇಳಿರಲಿಲ್ಲ. ಆದರೂ ಬೆಂಚಿನ ಮೇಲಿನವರೆಲ್ಲ ತಿರುಗಿ ನೋಡಿದರು. ಬೀರೇಶ ಟವೆಲು ಮಡಚಿ ಹೆಗಲ ಮೇಲೆ ಹಾಕಿಕೊಂಡ. ಜೇಬಿನಿಂದ ಮೊಬೈಲು ತೆಗೆದು ಅಪ್ಪನಿಗೆ ಫೋನು ಹಚ್ಚಿದ.

ದುರಗವ್ವ ಬುತ್ತಿಗಂಟು ಎತ್ತಿಕೊಂಡು, ಗಾಡಿಯ ಕಂಬಿ ಹಿಡಿದು ಕೆಳಗಿಳಿದಳು. ಅವಳ ಹಿಂದೆ ಇನ್ನಾರಾದರೂ ಇಳಿಯುತ್ತಾರೇನೋ ಎಂದು ರೂಬಿ ಕಾದಳು. ಯಾರೂ ಇಳಿಯಲಿಲ್ಲ.

ಮೂವರೂ ಏರಿಯ ದಾರಿ ಹಿಡಿದರು. ಹಿಂದಿನ ದಿನವಷ್ಟೇ ನೀರು ಬಿಟ್ಟಿದ್ದರಿಂದ ಕೆನಾಲು ದಂಡೆಯವರೆಗೂ ತುಂಬಿ, ಸದ್ದಿಲ್ಲದೆ, ಕೆಂಪಗೆ ಹರಿಯುತ್ತಿತ್ತು. ಜೈನಬಿ ಮಗಳನ್ನು ನೀರಿನ ಕಡೆಯಿಂದ ಎಳೆದು ಈಚೆ ಹಾಕಿಕೊಂಡು ತಾನು ಆ ಕಡೆಗೆ ಸರಿದಳು. ಹಿಂದೆ ಟಂಟಂ ಶುರುವಾದ ಸದ್ದು ಕೇಳಿತು. ಅದು ಹತ್ತಿರ ಬಂತು. ದಾಟಿ ಹೋಗಲೆಂದು ಮೂವರೂ ಪಕ್ಕಕ್ಕೆ ಸರಿದು ನಿಂತರು. ಗಾಡಿಯೂ ನಿಂತಿತು. ಇವರು ನಡೆದರೆ ಅದೂ ಇವರ ಹೆಜ್ಜೆಗೆ ತಕ್ಕಂತೆ ಬರತೊಡಗಿತು. ಒಳಗೆ ತುಂಬಿ ಕೂತಿದ್ದ ಹೆಂಗಸರಲ್ಲಿ ಒಬ್ಬರ ಮಾತೂ ಕೇಳಿಸುತ್ತಿರಲಿಲ್ಲ.

"ಹಿಂದ ನೋಡಬ್ಯಾಡ," ಅಂದಳು ಜೈನಬಿ.